ಟೆರೇಸಿನ ಬೀಗ

“ಬೇಡ ಅಂತ ಕೈ ಎತ್ತು ಅಪ್ಪ, ಬೇಗ,” ಎಂದು ಲಾಯರಮ್ಮ ಅಪ್ಪನ ಅಂಗಿ ಜಗ್ಗಿದಳು.

ಅಪ್ಪನ ಕೈ ಅರ್ಧ ಮೇಲೆ ಹೋಗಿತ್ತು. ಅಷ್ಟರಲ್ಲಿ ಎದುರಿಗೆ ಕೂತಿದ್ದ ಹಲ್ಲಿನ ಡಾಕ್ಟರು ಕನ್ನಡಕದ ಮೇಲಿಂದ ನೋಡಿದರು. ಬಿಲ್ಡಿಂಗಿನ ಸಂಘಕ್ಕೆ ಅವರೇ ಸೆಕ್ರೆಟರಿ.

“ನೀವು ಬಾಡಿಗೆಯವರಲ್ವಾ? ಬೇಜಾರು ಮಾಡ್ಕೋಬೇಡಿ. ಓಟು ಮೆಂಬರ್‌ಗಳಿಗೆ ಮಾತ್ರ.”

ಅಪ್ಪ ಎತ್ತಿದ ಕೈಯಿಂದ ಹಾಗೇ ತಲೆ ಕೆರೆದುಕೊಂಡ, ಅದಕ್ಕೇ ಎತ್ತಿದ್ದೇನೋ ಎಂಬಂತೆ.

ಭಾನುವಾರದ ಬೆಳಿಗ್ಗೆ. ಸ್ಕೂಟರುಗಳನ್ನು ಪಕ್ಕಕ್ಕೆ ತಳ್ಳಿ, ಪಾರ್ಕಿಂಗ್ ಜಾಗದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ಮನೆ ಕೊಂಡವರು ಕುರ್ಚಿಯಲ್ಲಿ, ಬಾಡಿಗೆಯವರು ಗೋಡೆಗೆ ಒರಗಿಕೊಂಡು. ನಿಂತುಕೊಳ್ಳಿ ಅಂತ ಯಾರೂ ಹೇಳಿರಲಿಲ್ಲ.

ವಿಷಯ ಇಷ್ಟೇ. ಟೆರೇಸಿನ ಮೇಲೆ ಯಾರೋ ನೀರಿನ ಪೈಪು ಮುರಿದಿದ್ದರು. ಯಾರು ಅಂತ ಗೊತ್ತಾಗಲಿಲ್ಲ. ಇನ್ನು ಮೇಲೆ ಟೆರೇಸಿಗೆ ಬೀಗ ಹಾಕೋಣ, ಕೀ ಮೆಂಬರ್‌ಗಳ ಹತ್ತಿರ ಇರಲಿ ಅನ್ನುವ ಮಾತು ಬಂದಿತ್ತು.

ಲಾಯರಮ್ಮನ ಮನೆ ಕೊನೇ ಮಹಡಿಯಲ್ಲಿ. ಅವಳ ಅಜ್ಜಿಗೆ ಮಂಡಿನೋವು. ಕೆಳಗಿಳಿದು ರಸ್ತೆಗೆ ಹೋಗುವುದು ಅವರ ಕೈಲಾಗದ ಕೆಲಸ. ಆದರೆ ಟೆರೇಸಿಗೆ ನಾಲ್ಕೇ ಮೆಟ್ಟಿಲು ಅನ್ನುವ ಹಾಗೆ ಹತ್ತಿಬಿಡುತ್ತಿದ್ದರು. ಬಿಸಿಲು ಕಾಯುತ್ತಾ, ಬಟ್ಟೆ ಒಣಗಿಸಲು ಬಂದವರನ್ನೆಲ್ಲ ಮಾತಿಗೆಳೆಯುತ್ತಿದ್ದರು. ಎಲ್ಲದಕ್ಕೂ ವಾದ ಹಾಕುವ ಮೊಮ್ಮಗಳಿಗೆ ‘ಲಾಯರಮ್ಮ’ ಅಂತ ಹೆಸರಿಟ್ಟಿದ್ದೂ ಅವರೇ.

ಆ ವಾರವಷ್ಟೇ ಟೀಚರ್ ಕ್ಲಾಸಿನಲ್ಲಿ ಹೇಳಿದ್ದರು: “ಆಳೋರು ಯಾರು, ಅವರ ಮಾತು ಕೇಳೋರು ಯಾರು ಅಂತ ಬರೆದಿಡೋದೇ ಸಂವಿಧಾನ. ಆದರೆ ಆಳೋರನ್ನ ಆರಿಸೋದು ಮಾತು ಕೇಳೋರೇ.” ಲಾಯರಮ್ಮನಿಗೆ ಅದು ತುಂಬಾ ಹಿಡಿಸಿತ್ತು. ಆ ಧೈರ್ಯದಲ್ಲೇ ಅಪ್ಪನನ್ನು ಮೀಟಿಂಗಿಗೆ ಎಳೆದುಕೊಂಡು ಬಂದಿದ್ದಳು.

“ಅಂಕಲ್, ಮೆಂಬರ್ ಅಂದ್ರೆ ಯಾರು?” ಎಂದು ನಿಂತಲ್ಲಿಂದಲೇ ಕೇಳಿದಳು.

ಡಾಕ್ಟರಿಗೆ ಸಿಟ್ಟು ಬರಲಿಲ್ಲ. ನಿಯಮದ ಪುಸ್ತಕ ತೆರೆದರು. “ಮೆಂಬರ್ ಅಂದ್ರೆ ಮನೆ ಕೊಂಡವರು. ನಿವಾಸಿ ಅಂದ್ರೆ ಇಲ್ಲಿರೋ ಉಳಿದವರು. ಮೆಂಬರ್‌ಗಳು ನಿಯಮ ಮಾಡಬೇಕು, ಎಲ್ಲರೂ ಪಾಲಿಸಬೇಕು. ಇದು ನಮ್ಮ ಬಿಲ್ಡಿಂಗಿನ ಸಂವಿಧಾನ ಅಂದ್ಕೋ ಮರಿ.”

“ಇದನ್ನ ಬರೆದವರು ಯಾರು?”

“ಮೆಂಬರ್‌ಗಳೇ.”

ಯಾರೋ ನಕ್ಕರು. ಇದರಲ್ಲಿ ನಗುವಂಥದ್ದು ಏನಿದೆ ಅಂತ ಲಾಯರಮ್ಮನಿಗೆ ಗೊತ್ತಾಗಲಿಲ್ಲ.

ಆಮೇಲೆ ಬೀಗ ಬೇಕು ಅನ್ನುವವರು ಕೈ ಎತ್ತಿ ಅಂದಾಗ ಎಷ್ಟೋ ಕೈಗಳು ಮೇಲೆ ಹೋದವು. ಲಾಯರಮ್ಮನ ಮನೆಯ ಓನರ್ ಎರಡನೇ ಸಾಲಿನಲ್ಲಿದ್ದರು. ಬೇರೆ ಏರಿಯಾದಲ್ಲಿ ಇರುವವರು ಅವರು. ಟೆರೇಸು ಹೇಗಿದೆ ಅಂತ ನೋಡಿದವರೂ ಅಲ್ಲ. ಫೋನ್ ನೋಡುತ್ತಲೇ ಕೈ ಎತ್ತಿದರು.

ಮೆಟ್ಟಿಲು ಹತ್ತುವಾಗ ಲಾಯರಮ್ಮ ಕೇಳಿದಳು, “ಅಜ್ಜಿ ವಿಷಯ ನೀನು ಹೇಳಬಹುದಿತ್ತಲ್ಲ?”

ಅಪ್ಪ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವನು. ಮಾತು ಮೊದಲೇ ಕಮ್ಮಿ. ಒಂದು ಮಹಡಿ ದಾಟಿದ ಮೇಲೆ ಬಾಯಿಬಿಟ್ಟ. “ಮುಂದಿನ ತಿಂಗಳು ಅಗ್ರಿಮೆಂಟು ಮುಗಿಯುತ್ತೆ. ಓನರ್ ಅಲ್ಲೇ ಇದ್ರು.”

“ಇದ್ರೆ ಏನು?”

“ಬೇರೆ ಮನೆ ಹುಡುಕೋಣ ಅಂತೀಯಾ?”

ಲಾಯರಮ್ಮ ಉಳಿದ ಮೆಟ್ಟಿಲುಗಳನ್ನು ಎಣಿಸುತ್ತಾ ಹತ್ತಿದಳು.

ಮಾರನೇ ದಿನವೇ ಬೀಗ ಬಿತ್ತು. ಅಮ್ಮ ಬಟ್ಟೆಗಳನ್ನು ಮನೆಯೊಳಗೇ ಹಗ್ಗ ಕಟ್ಟಿ ಹರವಿದಳು. ಅವು ಒಣಗಲೂ ಇಲ್ಲ, ಒದ್ದೆಯಾಗಿ ಉಳಿಯಲೂ ಇಲ್ಲ. ಮನೆಯೆಲ್ಲ ಮುಗ್ಗಲು ವಾಸನೆ. ಅಜ್ಜಿ ಕಿಟಕಿಯ ಪಕ್ಕ ಕೂರತೊಡಗಿದರು. ಕಿಟಕಿ ತೆರೆದರೆ ಎದುರಿಗೆ ಇನ್ನೊಂದು ಬಿಲ್ಡಿಂಗಿನ ಗೋಡೆ. ಬರಬರುತ್ತಾ ಅವರು ಮಧ್ಯಾಹ್ನವೂ ಮಲಗಿಬಿಡುತ್ತಿದ್ದರು. ಲಾಯರಮ್ಮ ಸ್ಕೂಲಿನ ಸುದ್ದಿ ಹೇಳಿದರೆ ಹೂಂ ಅನ್ನುತ್ತಿದ್ದರು, ಅಷ್ಟೇ. ತಮಾಷೆ ಮಾಡುವುದನ್ನೇ ಬಿಟ್ಟರು.

ಒಂದು ದಿನ ಅವಳು ಕ್ಲಾಸಿನಲ್ಲಿ ಎದ್ದು ನಿಂತಳು. “ಮಿಸ್, ಸಂವಿಧಾನ ಬರೆಯೋವಾಗಲೇ ಕೆಲವರನ್ನ ಹೊರಗೆ ಬಿಟ್ಟುಬಿಟ್ರೆ?”

ಟೀಚರ್ ಸೀಮೆಸುಣ್ಣ ಕೆಳಗಿಟ್ಟರು. “ಹಾಗೆ ಬಿಟ್ಟದ್ದುಂಟು. ಬೇರೆ ಬೇರೆ ಕಡೆ, ಎಷ್ಟೋ ಜನರನ್ನ.”

“ಆಮೇಲೆ ಅವರು ಏನು ಮಾಡಿದ್ರು?”

“ನಮ್ಮನ್ನೂ ಸೇರಿಸಿ ಅಂತ ಹೇಳ್ತಾ ಹೋದ್ರು. ಸೇರಿಸೋದಕ್ಕೆ ತುಂಬಾ ವರ್ಷ ಹಿಡೀತು. ಕೆಲವರು ಅದನ್ನ ನೋಡೋದಕ್ಕೇ ಇರಲಿಲ್ಲ.”

ಅಜ್ಜಿಗೆ ತುಂಬಾ ವರ್ಷ ಎಲ್ಲಿಂದ ತರುವುದು ಅಂತ ಲಾಯರಮ್ಮ ಯೋಚಿಸಿದಳು. ಬೆಲ್ ಹೊಡೆಯಿತು.

ಅದೇ ಸಂಜೆ ಬಟಾಣಿ ಬಂದಳು. ದುಂಡಗೆ, ಪುಟ್ಟಗೆ ಇರುವ ಅವಳನ್ನು ಎಲ್ಲರೂ ಕರೆಯುವುದೇ ಹಾಗೆ. ಲಾಯರಮ್ಮನ ಗೆಳತಿ. ಎರಡನೇ ಮಹಡಿಯ ಮನೆ ಅವರದ್ದೇ ಸ್ವಂತ.

“ಕೀ ತಂದಿದೀನಿ,” ಎಂದು ಅಂಗೈ ಬಿಚ್ಚಿದಳು. “ಅಮ್ಮನ್ನ ಕೇಳಿದೆ, ಹೂಂ ಅಂದ್ರು. ಬನ್ನಿ ಅಜ್ಜಿ, ಬಿಸಿಲು ಇನ್ನೂ ಇದೆ.”

ಅಜ್ಜಿಯ ಮುಖ ಅರಳಿತು. ಗೋಡೆ ಹಿಡಿದು ಎದ್ದರು. ಒಂದು ಕಾಲಿಗೆ ಚಪ್ಪಲಿ ಸಿಕ್ಕಿಸಿಕೊಂಡು, ಇನ್ನೊಂದನ್ನು ಕಾಲಿನಿಂದ ತಡಕುತ್ತಾ ಕೇಳಿದರು, “ನಾಳೆ?”

“ನಾಳೆನೂ ಕೇಳ್ತೀನಿ ಅಜ್ಜಿ. ಕೇಳಿದ್ರೆ ಕೊಡ್ತಾರೆ.”

“ದಿನಾ ಕೇಳ್ಬೇಕಾ?”

“ಹೂಂ. ಅದಕ್ಕೇನಂತೆ?”

ಅಜ್ಜಿ ಚಪ್ಪಲಿ ತಡಕುವುದನ್ನು ನಿಲ್ಲಿಸಿದರು. ಆಮೇಲೆ ಬಟಾಣಿಯ ಕೆನ್ನೆ ಸವರಿದರು. “ಒಳ್ಳೇ ಮಗು ನೀನು. ಇವತ್ತು ಯಾಕೋ ಮಂಡಿ ತುಂಬಾ ನೋಯ್ತಿದೆ. ನೀವಿಬ್ಬರೂ ಹೋಗಿ ಬನ್ನಿ.” ಹಾಕಿಕೊಂಡಿದ್ದ ಚಪ್ಪಲಿ ಬಿಟ್ಟು ಮತ್ತೆ ಕೂತರು.

ನೋವು ಈಗ ತಾನೇ ಬಂದದ್ದಲ್ಲ ಅಂತ ಲಾಯರಮ್ಮನಿಗೆ ಗೊತ್ತಿತ್ತು. ಅವಳು ಗೆಳತಿಯ ಕೈಯಲ್ಲಿದ್ದ ಕೀ ನೋಡಿದಳು. ಬಟಾಣಿ ಏನೂ ತಪ್ಪು ಮಾಡಿರಲಿಲ್ಲ.

“ನೀನು ಹೋಗು,” ಅಂದಳು ಮೆಲ್ಲಗೆ. “ನಾನು ಇಲ್ಲೇ ಇರ್ತೀನಿ.”

ಬಟಾಣಿ ಬಾಗಿಲಲ್ಲಿ ಒಂದು ಸಲ ತಿರುಗಿ ನೋಡಿ ಹೋದಳು. ಲಾಯರಮ್ಮ ಅಜ್ಜಿಯ ಪಕ್ಕ ಒತ್ತಿಕೊಂಡು ಕೂತಳು. ಸ್ವಲ್ಪ ಹೊತ್ತಿಗೆ ತಲೆಯ ಮೇಲೆ ಹೆಜ್ಜೆ ಸದ್ದು ಕೇಳಿಸಿತು, ಅತ್ತಿಂದ ಇತ್ತ, ಇತ್ತಿಂದ ಅತ್ತ, ಒಂದೇ ಜೋಡಿ ಕಾಲು. ಇಬ್ಬರೂ ಮೇಲೆ ನೋಡಲಿಲ್ಲ. ಅಜ್ಜಿ ಅವಳ ಕೈಯನ್ನು ತಮ್ಮ ಮಡಿಲಿಗೆ ಎಳೆದುಕೊಂಡರು.