ಜನವರಿ ತಿಂಗಳ ಕೆಂಪು ಓಲೆ

ಹುಲುಗಮ್ಮ ನಮ್ಮ ಬಾಗಿಲಿಗೆ ಬಂದ ದಿನ, ಸಿರುಗುಪ್ಪದ ಶವಾಗಾರಕ್ಕೆ ಆ ಹೆಣ ಬಂದು ಐದು ದಿನವಾಗಿತ್ತು. ಕಾಲುವೆಯ ತೂಬಿನ ಗೇಟಿಗೆ ಸಿಕ್ಕಿ ಮುಖ ಗುರುತಿಲ್ಲದಂತೆ ಜಜ್ಜಿಹೋಗಿತ್ತು. ದಂಡೆಯ ಮೇಲೆ ಚಪ್ಪಲಿ, ಒಳಗೊಂದು ಖಾಲಿ ಓಲೆಡಬ್ಬಿಯಿದ್ದ ಚೀಲ ಸಿಕ್ಕಿದ್ದರಿಂದ ಪೊಲೀಸರು ಆತ್ಮಹತ್ಯೆ ಎಂದು ಬರೆದುಕೊಂಡಿದ್ದರು.

"ಅದು ನನ್ ಮಗಳಲ್ರೀ ಅಮ್ಮಾರೆ," ಎಂದಳು ಆಕೆ, ಕೂರುವ ಮೊದಲೇ. "ಸಹಿ ಹಾಕು, ಹೆಣ ಒಯ್ಯಿ ಅಂತಾರ. ನಾ ಹಾಕಾಂಗಿಲ್ಲ. ನನ್ ಗೌತಮಿ ಎಲ್ಲೋ ಅದಾಳ. ಆಕೀನ ಹುಡುಕಿ ಕೊಡ್ರಿ."

ಕೊಟ್ರಮ್ಮನವರು ಬಳ್ಳಾರಿಯ ಕಾಲೇಜಿನಲ್ಲಿ ಮೂವತ್ತು ವರ್ಷ ರಸಾಯನಶಾಸ್ತ್ರ ಕಲಿಸಿ ನಿವೃತ್ತರಾದವರು. ಅವರ ಪ್ರಯೋಗಾಲಯದಲ್ಲಿ ಅಟೆಂಡರ್ ಆಗಿದ್ದವನು ನಾನು, ಜಂಬುನಾಥ. ಊರಿನಲ್ಲಿ ಬಿಡಿಸಲಾಗದ ಗಂಟುಗಳು ಅವರ ಮನೆಗೆ ಬರತೊಡಗಿದ ಮೇಲೆ, ನಿವೃತ್ತಿಯ ನಂತರವೂ ನಾನು ಅವರ ಹಿಂದೆಯೇ ಉಳಿದೆ.

"ನಿನ್ನ ಮಗಳಲ್ಲ ಅಂತ ಹೆಂಗ ಹೇಳ್ತಿ?" ಎಂದು ಕೇಳಿದರು ಅವರು.

"ಕಿವಿಯೋಲಿ ನೋಡಿದೆನ್ರೀ. ಎರಡೂ ಕಿವಿಗೆ ಬಿಳೀ ಲೋಹದ ಓಲಿ, ಕೆಂಪು ಹರಳು. ನನ್ ಮಗಳ ಕಿವಿಗೆ ಅಂಥಾದ್ದು ತಾಕಿದ್ರ ಎರಡು ದಿನದಾಗ ಕೀವು ತುಂಬತೈತಿ. ಸಣ್ಣಾಕಿ ಇದ್ದಾಗಿಂದ ಹಂಗ. ಅದಕ್ಕ ಟೈಟಾನಿಯಂದು ಮಾಡಿಸ್ಕೊಂಡಿದ್ಲು. ಬೂದಿಬಣ್ಣದ್ದು. ಜನವರಿಯಾಗ ಹುಟ್ಟ್ಯಾಳ ಅಂತ ಅದಕ್ಕ ಕೆಂಪು ಗಾರ್ನೆಟ್ ಕೂಡಿಸಿದ್ಲು. ಮಲಗಿದ್ರೂ ತೆಗೀತಿರಲಿಲ್ಲ."

ಗೌತಮಿಗೆ ಇಪ್ಪತ್ನಾಲ್ಕು ವರ್ಷ. ಕುರುಗೋಡಿನಿಂದ ದಿನಾ ಬಸ್ಸಿನಲ್ಲಿ ಬಳ್ಳಾರಿಗೆ ಬಂದು, ಬೆಂಗಳೂರು ರಸ್ತೆಯ ಒಂದು ಆಭರಣದಂಗಡಿಯಲ್ಲಿ ಹುಟ್ಟಿದ ತಿಂಗಳ ಹರಳುಗಳ ಓಲೆ ಮಾರುತ್ತಿದ್ದಳು. ಹೋದ ವಾರದ ಸೋಮವಾರ ಹೊರಟವಳು ಮರಳಿರಲಿಲ್ಲ. ಹೆಣದ ಮೇಲಿದ್ದದ್ದು ಅಂಗಡಿಯ ಸಮವಸ್ತ್ರ, ಹನ್ನೆರಡು ಹುಡುಗಿಯರು ತೊಡುವಂಥದ್ದು. ಡಿಎನ್‌ಎ ವರದಿಗೆ ಎರಡು ತಿಂಗಳು ಬೇಕೆಂದಿದ್ದರು. ತಾಯಿಯ ನಂಬಿಕೆಯೆಲ್ಲ ಆ ಎರಡು ಕಿವಿಗಳ ಮೇಲೆ ನಿಂತಿತ್ತು.

"ಹೋಗೋ ಮುಂದ ಏನಾರ ಬ್ಯಾರೆ ಥರ ಕಂಡ್ಲಾ?"

"ಇಲ್ರೀ. ಒಂಬತ್ತು ಹತ್ತು ದಿನದಿಂದ ಕೂದಲು ಎಡಕ್ಕ ಇಳಿಬಿಟ್ಕೊಂತಿದ್ಲು. ಹೊಸಾ ಫ್ಯಾಷನ್ ಅಂದ್ಲು."

ಕೊಟ್ರಮ್ಮನವರು ನನ್ನ ಕಡೆ ನೋಡಿದರು. ಆ ನೋಟ ನನಗೆ ಹಿಡಿಸಲಿಲ್ಲ.

ಅಂದೇ ಕುರುಗೋಡಿಗೆ ಹೋದೆವು. ಒಂದು ಕೋಣೆಯ ಮನೆ, ಗೋಡೆಯಲ್ಲಿ ಬುದ್ಧನ ಪಟ, ಪಕ್ಕದಲ್ಲಿ ಕ್ಯಾಲೆಂಡರ್. ಅದರಲ್ಲಿ ಒಂಬತ್ತು ತಾರೀಖುಗಳ ಕೆಳಗೆ ಪೆನ್ಸಿಲ್ಲಿನ ಚುಕ್ಕೆಗಳಿದ್ದವು: ಮೊದಲ ದಿನ ಒಂದು, ಆಮೇಲೆ ಎರಡು, ಕೊನೆಗೆ ಐದು. ಗೌತಮಿಯ ಡಬ್ಬಿಯಲ್ಲಿ ಅರ್ಧ ಮುಗಿದ ಮುಲಾಮಿನ ಕೊಳವೆಯಿತ್ತು. ಅದರ ಕೆಳಗೆ, ಹತ್ತಿಯಲ್ಲಿ ಸುತ್ತಿದ ಬೂದುಬಣ್ಣದ ಒಂದು ಓಲೆ.

"ಇದ ನೋಡ್ರಿ, ಆಕೀದು!" ಎಂದು ಹುಲುಗಮ್ಮ ಕಿತ್ತುಕೊಂಡಳು. ಆಮೇಲೆ ಹತ್ತಿಯನ್ನೆಲ್ಲ ಬಿಡಿಸಿ ತಡಕಿದಳು. "ಒಂದ ಐತಲ್ಲ? ಇನ್ನೊಂದು ಎಲ್ಲಿ?"

ಕೊಟ್ರಮ್ಮನವರು ಆ ಒಂದು ಓಲೆಯನ್ನು ಕೇಳಿ ಪಡೆದು ಕರವಸ್ತ್ರದಲ್ಲಿ ಕಟ್ಟಿಕೊಂಡರು.

ಮರುದಿನ ಅಂಗಡಿಗೆ ಹೋದೆವು. ಗಾಜಿನ ಕಪಾಟಿನ ಮೇಲೆ ಗೌತಮಿ ಕೈಯಾರೆ ಬರೆದ ಚೀಟಿ ಇನ್ನೂ ಅಂಟಿಕೊಂಡಿತ್ತು: 'ಮುತ್ತಿಗೆ ಅತ್ತರು ತಾಗಿಸಬೇಡಿ. ಪಚ್ಚೆಯನ್ನು ಬಿಸಿನೀರಿನಲ್ಲಿ ತೊಳೆಯಬೇಡಿ. ಬೆಳ್ಳಿಯನ್ನು ಗಾಳಿಯಾಡದ ಚೀಲದಲ್ಲಿಡಿ. ಕಿವಿ ತುರಿಸಿದರೆ ಓಲೆ ತೆಗೆದು ನನ್ನ ಹತ್ತಿರ ಬನ್ನಿ.'

ಮಾಲೀಕ ಶಶಿಕಾಂತ್ ಮೆತ್ತಗಿನ ಮಾತಿನ ಮನುಷ್ಯ. "ಒಳ್ಳೇ ಹುಡುಗಿ ರೀ. ಆ ಬಿಳಿ ಬಂಗಾರದ ಜೋಡಿ ನಾನೇ ಆಕಿ ಹುಟ್ಟಿದ ದಿನಕ್ಕ ಕೊಟ್ಟಿದ್ದೆ. ಅವತ್ತಿಂದ ಎರಡೂ ಕಿವಿಗೆ ಅದನ್ನ ಹಾಕ್ಕೊಂಡು ಬರ್ತಿದ್ಲು. ಅದಕ್ಕ ಪೊಲೀಸ್ರು ತೋರಿಸಿದ ಕೂಡ್ಲೇ ಗುರುತು ಹಿಡಿದೆ."

ಹಿಂದಿನ ಕೋಣೆಯಲ್ಲಿ ಅಕ್ಕಸಾಲಿಗ ಪಕ್ಕೀರಪ್ಪ ಒಲೆಯ ಮುಂದೆ ಕೂತಿದ್ದ. ಬಿಳಿ ಬಂಗಾರಕ್ಕೆ ಏನು ಬೆರೆಸುತ್ತೀರಿ ಎಂದು ಕೇಳಿದರೆ, "ಸಾವ್ಕಾರ್ರು ಗಟ್ಟಿ ಕೊಡ್ತಾರ, ನಾ ಬಡೀತೀನಿ" ಎಂದಷ್ಟೇ ಹೇಳಿ ತಲೆ ತಗ್ಗಿಸಿದ. ಅವನ ಪಕ್ಕದ ತಟ್ಟೆಯಲ್ಲಿ ನೀಲಿಗಟ್ಟಿದ ಒಂದು ಸಣ್ಣ ತುಣುಕು ಬಿದ್ದಿತ್ತು. ತುದಿಯಲ್ಲಿ ಬಿರುಕುಬಿಟ್ಟ ಕಪ್ಪು ಹರಳು.

"ಇದೇನು?"

"ಮುರುಕಿನಾಗ ಬಂದಿತ್ರಿ. ಬೆಳ್ಳಿ ಕರಗಿತು, ಬಂಗಾರ ಕರಗಿತು, ಇದೊಂದು ಕರಗಲಿಲ್ಲ. ಏನೋ ವಿಚಿತ್ರ ಅಂತ ಎತ್ತಿಟ್ಟೆ."

ಕೊಟ್ರಮ್ಮನವರು ಅದನ್ನು ಕೇಳಿ ಪಡೆದು ಕಾಗದದಲ್ಲಿ ಸುತ್ತಿಕೊಂಡರು. ಅಂದು ಮಧ್ಯಾಹ್ನ ಸಿರುಗುಪ್ಪದ ಆಸ್ಪತ್ರೆಯಲ್ಲಿ, ಶವಪರೀಕ್ಷೆ ಮಾಡಿದ ವೈದ್ಯೆಯನ್ನು ಕಂಡು ಒಂದೇ ಪ್ರಶ್ನೆ ಕೇಳಿದರು: ಓಲೆಗಳನ್ನು ತೆಗೆದದ್ದು ಹೇಗೆ?

"ಬಲಗಿವಿಯದು ತಿರುಪು ಬಿಚ್ಚಿದ ಕೂಡಲೇ ಬಂತು," ಎಂದರು ವೈದ್ಯೆ. "ಎಡಗಿವಿಯದು ಬರಲೇ ಇಲ್ಲ. ಹಾಲೆ ದಪ್ಪಗಾಗಿ ಮಾಂಸ ತಿರುಪನ್ನು ಕಚ್ಚಿಕೊಂಡಿತ್ತು. ಕತ್ತರಿಸಿ ತೆಗೆದೆ. ನೀರಿನಲ್ಲಿದ್ದ ಹೆಣ, ಊದಿರಬೇಕು ಅಂದುಕೊಂಡೆ."

"ನೀರಿಗೆ ಎಡ-ಬಲ ಗೊತ್ತಿರೋದಿಲ್ಲ, ಡಾಕ್ಟ್ರೇ," ಎಂದರು ಕೊಟ್ರಮ್ಮನವರು.

ಹೊರಗೆ ಬಂದು ಬೇವಿನ ಮರದ ಕೆಳಗೆ ನಿಂತರು. "ಜಂಬುನಾಥ, ಇಲ್ಲಿಗೇ ಬಿಟ್ಟು ಮನಿಗೆ ಹೋಗೋಣ ಅನಸ್ತೈತಿ," ಎಂದರು. ಇಷ್ಟು ವರ್ಷದಲ್ಲಿ ಅವರ ಬಾಯಿಂದ ಅಂಥ ಮಾತನ್ನು ನಾನು ಕೇಳಿರಲಿಲ್ಲ. ಆಮೇಲೆ ಅವರೇ ತಮ್ಮ ಹಳೆಯ ವಿದ್ಯಾರ್ಥಿ ಇನ್‌ಸ್ಪೆಕ್ಟರ್ ಕರಿಬಸವನಿಗೆ ಫೋನು ಮಾಡಿದರು.

ಶುಕ್ರವಾರ ಬೆಳಿಗ್ಗೆ ಸಿರುಗುಪ್ಪ ಠಾಣೆಯಲ್ಲಿ ಎಲ್ಲರೂ ಸೇರಿದರು. ಹುಲುಗಮ್ಮ, ಶಶಿಕಾಂತ್, ಪಕ್ಕೀರಪ್ಪ. ಜೊತೆಗೆ ಅಕ್ಷಿತಾ ಎಂಬ ಕಾಲೇಜು ಹುಡುಗಿ, ಸಿರುಗುಪ್ಪದ ಅಕ್ಕಿ ಗಿರಣಿಯವರ ಮಗಳು. ಗೌತಮಿ ಫೋನಿನಲ್ಲಿ ಕೊನೆಗೆ ಮಾತಾಡಿದ್ದು ಇವಳ ಜೊತೆ ಎಂದು ಕರಿಬಸವ ಹುಡುಕಿದ್ದ. ಅವಳ ಎರಡೂ ಕಿವಿಗಳಿಗೆ ಪಟ್ಟಿ ಸುತ್ತಿತ್ತು.

"ಏನಾತು ಹೇಳಮ್ಮ," ಎಂದರು ಕೊಟ್ರಮ್ಮನವರು.

"ಅವರ ಅಂಗಡ್ಯಾಗ ಬಿಳಿ ಬಂಗಾರದ ಓಲಿ ತಗೊಂಡಿದ್ದೆ. ಕಿವಿ ಹಣ್ಣಾತು. ಗೌತಮಿ ಅಕ್ಕನಿಗೆ ತೋರಿಸಿದೆ. ಹತ್ತು ದಿನ ತಡಿ, ಪಕ್ಕಾ ಮಾಡ್ಕೊಂತೀನಿ ಅಂದ್ಲು. ಸೋಮವಾರ ಫೋನ್ ಮಾಡಿ, ಇದರಾಗ ಅಗ್ಗದ ನಿಕಲ್ ಬೆರೆಸ್ಯಾರ, ಪುರಾವೆ ತಗೊಂಡು ಬರಾಕತ್ತೀನಿ, ಇಬ್ರೂ ಸೇರಿ ದೂರು ಕೊಡೋಣ ಅಂದ್ಲು. ಬರಲೇ ಇಲ್ಲ."

"ಆ ಪುರಾವೆ ಆಕೆಯ ಕಿವಿಯಲ್ಲೇ ಇತ್ತು," ಎಂದು ಕೊಟ್ರಮ್ಮನವರು ಶುರು ಮಾಡಿದರು. ಪಾಠ ಹೇಳುವಾಗಿನ ಗ್ರಾಂಥಿಕ ಕನ್ನಡ ಅವರ ನಾಲಿಗೆಗೆ ಬಂದಿತ್ತು, ಆದರೆ ದನಿ ಕುಗ್ಗಿತ್ತು. "ನಿಕಲ್ ಸೋಕಿದರೆ ತನ್ನ ಕಿವಿ ಕೆಡುತ್ತದೆಂದು ಗೌತಮಿಗೆ ಗೊತ್ತು. ಅಂಗಡಿಯ ಒಂದು ಜೋಡಿ ತೆಗೆದುಕೊಂಡು, ಒಂದನ್ನು ಎಡಗಿವಿಗೆ ಹಾಕಿದಳು. ಬಲಗಿವಿಯಲ್ಲಿ ತನ್ನ ಟೈಟಾನಿಯಂ ಓಲೆಯನ್ನೇ ಉಳಿಸಿದಳು. ಒಂದು ಕಿವಿ ಕೆಟ್ಟು ಇನ್ನೊಂದು ಚೆನ್ನಾಗಿದ್ದರೆ ತಪ್ಪು ಲೋಹದ್ದೇ. ನಾನು ತರಗತಿಯಲ್ಲಿ ಇದಕ್ಕಿಂತ ಚೆನ್ನಾಗಿ ಪರೀಕ್ಷೆ ಮಾಡಿಲ್ಲ. ಕ್ಯಾಲೆಂಡರಿನ ಚುಕ್ಕೆಗಳು ನೋವಿನ ಲೆಕ್ಕ. ಕೂದಲು ಇಳಿಬಿಟ್ಟದ್ದು ತಾಯಿಗೆ ಕಾಣಬಾರದೆಂದು. ಜೋಡಿಯ ಇನ್ನೊಂದು ಓಲೆ ಚೀಲದ ಡಬ್ಬಿಯಲ್ಲಿತ್ತು. ದಂಡೆಯ ಮೇಲೆ ಸಿಕ್ಕಾಗ ಆ ಡಬ್ಬಿ ಖಾಲಿ."

ಹುಲುಗಮ್ಮನ ಕೈ ತನ್ನ ಎಡಗಿವಿಗೆ ಹೋಯಿತು.

"ಕೊಂದವನು ಪುರಾವೆಯನ್ನು ಕಿತ್ತುಕೊಳ್ಳಲು ನೋಡಿದ. ಊದಿದ ಕಿವಿಯಿಂದ ಅದು ಬರಲಿಲ್ಲ. ಎರಡು ಕಿವಿಗೆ ಎರಡು ಬಗೆಯ ಓಲೆಯಿದ್ದರೆ ಯಾರಾದರೂ ಏಕೆ ಎಂದು ಕೇಳುತ್ತಾರೆ. ಅದಕ್ಕೇ ಬಲಗಿವಿಯ ಟೈಟಾನಿಯಂ ಬಿಚ್ಚಿಕೊಂಡು, ಡಬ್ಬಿಯಲ್ಲಿದ್ದದ್ದನ್ನು ಹಾಕಿ ಜೋಡಿ ಸರಿಮಾಡಿದ. ಇಷ್ಟೆಲ್ಲ ಹೊಳೆಯುವುದು ಆ ಲೋಹದ ಗುಟ್ಟು ಗೊತ್ತಿದ್ದವನಿಗೆ ಮಾತ್ರ. ಅಂಥವರು ಇಬ್ಬರು: ಓಲೆ ಮಾಡಿದವರು, ಮಾರಿದವರು."

"ಇದೆಲ್ಲಾ ಬರೀ ಕತಿ!" ಎಂದ ಶಶಿಕಾಂತ್.

"ಹುಟ್ಟುಹಬ್ಬದ ದಿನದಿಂದ ಎರಡೂ ಕಿವಿಗೆ ಅದೇ ಜೋಡಿ ಇತ್ತು ಅಂದಿರಿ. ಹಾಗಿದ್ದರೆ ಬಲಗಿವಿ ಏಕೆ ಕೆಡಲಿಲ್ಲ? ಆ ಜೋಡಿ ಸಹಜ ಅನ್ನಿಸುವಂತೆ ಮಾಡುವ ಅಗತ್ಯ ನಿಮಗೊಬ್ಬರಿಗೇ ಇತ್ತು." ಕೊಟ್ರಮ್ಮನವರು ಮೇಜಿನ ಮೇಲೆ ಎರಡು ಓಲೆ ಇಟ್ಟರು. ಒಂದು ಕುರುಗೋಡಿನ ಡಬ್ಬಿಯದು, ಇನ್ನೊಂದು ನೀಲಿಗಟ್ಟಿದ ತುಣುಕು. ಕೊಂಡಿ, ತಿರುಪಿನ ಗೆರೆ, ಹರಳಿನ ಮನೆ ಎಲ್ಲ ಒಂದೇ ಅಳತೆ. "ಕಪ್ಪಾದ ಬೆಳ್ಳಿ ಅಂದುಕೊಂಡು ಮೂಸೆಗೆ ಹಾಕಿದಿರಿ. ಅಕ್ಕಸಾಲಿಗನ ಬೆಂಕಿಗೆ ಟೈಟಾನಿಯಂ ಕರಗುವುದಿಲ್ಲ. ಪಕ್ಕೀರಪ್ಪ, ಆ ಮುರುಕು ಯಾರು ಕೊಟ್ಟದ್ದು?"

ಪಕ್ಕೀರಪ್ಪ ಎದ್ದು ನಿಂತ. "ಮಂಗಳವಾರ ಬೆಳಿಗ್ಗೆ ಸಾವ್ಕಾರ್ರೇ ಬಂದು ಮೂಸಿಗೆ ಸುರುವಿದ್ರು. ಇದನ್ನ ಮೊದ್ಲು ಕರಗಿಸು ಅಂದ್ರು. ಅದು ಆ ಹುಡುಗೀದು ಅಂತ ನನಗ ಗೊತ್ತಿರಲಿಲ್ರಿ."

ಶಶಿಕಾಂತ್ ಬಾಗಿಲ ಕಡೆ ನೋಡಿದ. ಅಲ್ಲಿ ಪೇದೆಗಳಿದ್ದರು. ಅವನ ಕಾರು ಆ ಸೋಮವಾರ ಸಿರುಗುಪ್ಪದ ಪೆಟ್ರೋಲ್ ಬಂಕಿನ ಕ್ಯಾಮೆರಾದಲ್ಲಿ ಸಿಕ್ಕಿದ್ದನ್ನು ಕರಿಬಸವ ಹೇಳಿದ ಮೇಲೆ ಅವನು ಕುಸಿದು ಕೂತ. ಓಲೆಗಳನ್ನೆಲ್ಲ ಗಿರಾಕಿಗಳಿಂದ ವಾಪಸ್ ತರಿಸಬೇಕೆಂದು ಗೌತಮಿ ಶನಿವಾರವೇ ಅವನ ಮುಂದೆ ಹಟ ಹಿಡಿದಿದ್ದಳಂತೆ. ಸೋಮವಾರ ಆಕೆ ಸಿರುಗುಪ್ಪಕ್ಕೆ ಹೊರಟ ಬಸ್ಸಿನ ಹಿಂದೆ ಕಾರಿನಲ್ಲಿ ಬಂದು, ಮಾತಾಡೋಣವೆಂದು ಕಾಲುವೆಯ ಕಡೆ ಕರೆದೊಯ್ದ. ಆಕೆ ಒಪ್ಪಲಿಲ್ಲ. ತಳ್ಳಿದ. ಕಲ್ಲಿಗೆ ತಲೆ ಬಡಿಯಿತು. ಓಲೆ ಬದಲಿಸಿ ಹೆಣವನ್ನು ನೀರಿಗೆ ಬಿಟ್ಟ.

ಅವನನ್ನು ಒಳಗೆ ಕರೆದೊಯ್ದರು. ಅಕ್ಷಿತಾ ಒಬ್ಬಳೇ ಅಳುತ್ತಿದ್ದಳು.

"ಅಂದ್ರ ಅದು ನನ್ ಮಗಳಾ?" ಎಂದಳು ಹುಲುಗಮ್ಮ.

"ಹೌದವ್ವ."

"ಒಂಬತ್ತು ದಿನ ನನ್ ಪಕ್ಕದಾಗ ಮಲಗಿದ್ಲು. ಭಾಳ ನೋಯ್ತಿತ್ತೇನ್ರೀ ಕಿವಿ?"

ಕೊಟ್ರಮ್ಮನವರು ಸುಳ್ಳು ಹೇಳಬಹುದಿತ್ತು. "ಭಾಳ ನೋಯ್ತಿತ್ತು," ಎಂದರು.

ಹುಲುಗಮ್ಮ ತಾನೇ ಕೈಚಾಚಿ ಕಾಗದ ಕೇಳಿ ಸಹಿ ಮಾಡಿದಳು.

ಸಂಜೆ ಕುರುಗೋಡಿನಲ್ಲಿ ಮಣ್ಣು ಮಾಡಿದರು. ಮುಖ ತೋರಿಸಲಿಲ್ಲ, ಆಕೆಯೂ ಕೇಳಲಿಲ್ಲ. ಕೇರಿಯ ಹೆಂಗಸರು ಅವಳನ್ನು ಎಬ್ಬಿಸಿ ಕರೆದೊಯ್ಯುವಾಗ ಅವಳು ನಮ್ಮ ಕಡೆ ಒಮ್ಮೆಯೂ ತಿರುಗಿ ನೋಡಲಿಲ್ಲ. ನಾವು ನಡೆದು ಬಸ್ ನಿಲ್ದಾಣಕ್ಕೆ ಬಂದು ಕಲ್ಲುಬೆಂಚಿನ ಮೇಲೆ ಕೂತೆವು.

"ವರದಿ ಬರೋದು ಎರಡು ತಿಂಗಳು ಅಂದಿದ್ರಲ್ಲ, ಜಂಬುನಾಥ?" ಎಂದು ಕೇಳಿದರು ಕೊಟ್ರಮ್ಮನವರು.

"ಹೌದ್ರೀ."

"ನಾ ಸುಮ್ನ ಇದ್ದಿದ್ರ, ಆಕಿ ಮಗಳು ಇನ್ನೂ ಎರಡು ತಿಂಗಳು ಬದುಕಿರ್ತಿದ್ಲು."

ಕೊಲೆಗಾರ ತಪ್ಪಿಸಿಕೊಂಡುಬಿಡುತ್ತಿದ್ದ ಎಂದು ಹೇಳಲು ಬಾಯಿ ತೆರೆದೆ. ಅವರಿಗೆ ಅದು ಗೊತ್ತಿತ್ತು. ಬಳ್ಳಾರಿಯ ಬಸ್ಸು ಬಂತು. ಅವರು ಹತ್ತಲಿಲ್ಲ. ಅದು ಹೋದ ಮೇಲೆ ಇನ್ನೊಂದು ಬಂತು. ಅದಕ್ಕೂ ಅವರು ಎದ್ದು ನಿಲ್ಲಲಿಲ್ಲ.