ಅರಗಿಗೆ ಅಂಟಿದ ಪದಕ

ಹಿರಿಯೂರಿನ ಅಕ್ಕಸಾಲಿಗರ ಓಣಿ. ಬೆಳಗ್ಗೆ ಅಂಗಡಿ ತೆಗೆದ ಜಯಕುಮಾರ್ ಹಾಗೇ ಕೂಗಿಕೊಂಡ. ಗಿರಾಕಿ ಹುಲಿಗೆಮ್ಮ ಮಾಡಿಸಲು ಕೊಟ್ಟಿದ್ದ ಕೆಂಪುಕಲ್ಲಿನ ಪದಕ ಮಾಯ! ಬೀಗ ಮಾತ್ರ ಮುರಿದಿಲ್ಲ.

"ಕೀಲಿ ಯಾರ ಹತ್ರ ಐತ್ರಿ?" ಎಸ್‌ಐ ಸುಚಿತ್ರಾ ಕೇಳಿದಳು.

"ಒಂದು ನಮ್ಮನೆ ಮೊಳೆಗೆ ನೇತಾಕಿರ್ತೀವಿ ಮೇಡಂ. ಇನ್ನೊಂದು ಈ ಮೌನೇಶಾಚಾರಿ ಹತ್ರ. ಪದಕಕ್ಕೆ ಕಲ್ಲು ಕೂರಿಸ್ತಿದ್ದೋನೂ ಇವನೇ."

"ಇನ್ನೇನ್ ಮೇಡಂ, ಜೀಪ್ ಹತ್ತಿಸ್ರಿ," ಅಂದ ಚೇತನ್‌ಕುಮಾರ್. ಜಯಕುಮಾರನ ಬಾಮೈದ; ಅಕ್ಕನ ಮನೆಯಲ್ಲೇ ಇದ್ದುಕೊಂಡು ಹೋದ ತಿಂಗಳಷ್ಟೇ ಗಲ್ಲಾದಲ್ಲಿ ಕುಂತವನು.

ಮೌನೇಶಾಚಾರಿ ಎರಡೂ ಕೈ ಮುಂದೆ ಚಾಚಿದ. "ಒಂದ್ಸಲ ಕಳ್ಳ ಅನ್ನಿಸ್ಕೊಂಡ್ರೆ ಮುಗೀತು ಮೇಡಂ. ಈ ಕೈಗೆ ಗುಲಗಂಜಿ ಚಿನ್ನಾನೂ ಯಾರೂ ಕೊಡಲ್ಲ."

"ಹಂಗಾದ್ರೆ ನನ್ನ ಪದಕಕ್ಕೇನು ಕಾಲು ಬಂದಿತ್ತಾ?" ಹುಲಿಗೆಮ್ಮ ಗದರಿದಳು.

ಸುಚಿತ್ರಾಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಒಳಗೆ ಹೋದಳು, ಹೊರಗೆ ಬಂದಳು, ಮತ್ತೆ ಒಳಗೆ. ಏನೋ ಸರಿಯಿಲ್ಲ. ನೆಲ! ಫಳಫಳ ಅಂತಿದೆ.

"ಗುಡಿಸಿದ್ಯಾರು?"

ಮೌನೇಶಾಚಾರಿ ಆಗ ನೆಲ ನೋಡಿದ. "ಅಯ್ಯೋ, ಧೂಳೆಲ್ಲಿ? ಒಡವೆಗೆ ಅರ ಉಜ್ಜುವಾಗ ಉದುರೋ ಚಿನ್ನದ ಪುಡಿ ಅದರಾಗೇ ಇರತೈತೆ. ಡಬ್ಬಿಗೆ ತುಂಬಿಡ್ತೀವಿ, ಜಲಗಾರರು ಬಂದು ತೊಳೆದು ತೆಗೀತಾರೆ."

ಧೂಳು ಹಿತ್ತಲ ಕಸದ ಬುಟ್ಟಿಯಲ್ಲಿ ಸಿಕ್ಕಿತು. ಅಂಗಡಿಯೊಳಗೆ ತಂದು ಸುರಿದರೆ, ಜೊತೆಗೆ ಕಪ್ಪು ಚೂರುಗಳು.

"ಇದೇನ್ರಿ?"

"ಅರಗು. ಕಲ್ಲು ಕೂರಿಸುವಾಗ ಪದಕ ಅಲ್ಲಾಡಬಾರದಲ್ಲ, ಹಲಗೆ ಮೇಲೆ ಅರಗಿನಾಗೆ ಕಚ್ಚಿಸಿರ್ತೀವಿ. ಬಿಸಿ ತೋರಿಸಿದ್ರೆ ಮೆತ್ತಗಾಗಿ ಬಿಡತೈತೆ. ಯಾವನೋ ತಣ್ಣಗಿರುವಾಗ್ಲೇ ಒಡೆದವ್ನೆ! ಪದಕದ ಬೆನ್ನಿಗೆ ಅರಗು ಇನ್ನೂ ಅಂಟಿರತೈತೆ. ಬಿಸಿಲಿಗಿಟ್ಟಿದ್ರೆ ಕರಗಿ ರಾಡಿ!"

ಸುಚಿತ್ರಾ ತಲೆ ಎತ್ತಿದಳು. ಇಷ್ಟೊತ್ತು ಬಾಗಿಲಲ್ಲೇ ನಿಂತಿದ್ದ ಚೇತನ್‌ಕುಮಾರ್ ಈಗ ಹೊರಗೆ ಬಿಸಿಲಲ್ಲಿದ್ದ ತನ್ನ ಸ್ಕೂಟರನ್ನು ಮೆಲ್ಲಗೆ ನೆರಳಿಗೆ ತಳ್ಳುತ್ತಿದ್ದ.

*

"ಡಿಕ್ಕಿ ತೆಗಿಯಪ್ಪ."

"ಅದ್ರಾಗೆ ರೇನ್‌ಕೋಟ್ ಐತೆ ಮೇಡಂ, ಅಷ್ಟೇ."

ರೇನ್‌ಕೋಟ್ ಇತ್ತು. ಅದಕ್ಕೆ ಕರಗಿದ ಅರಗಿನ ಸಮೇತ ಪದಕ ಮೆತ್ತಿಕೊಂಡಿತ್ತು.

"ಲೇ, ನೀನಾ?" ಜಯಕುಮಾರ್ ಬಾಮೈದನ ಕಡೆ ತಿರುಗಿದ.

"ಆಚಾರಿ ಆಗಿದ್ರೆ ಅರಗು ಒಡೀತಿರಲಿಲ್ಲ," ಅಂದಳು ಸುಚಿತ್ರಾ. "ಧೂಳನ್ನ ಆಚಾರಿನೂ ಎಸೆಯಲ್ಲ, ನೀವೂ ಎಸೆಯಲ್ಲ. ಕಾಲಿನ ಗುರುತು ಅಳಿಸೋಕೆ ಗುಡಿಸಿ, ಚಿನ್ನದ ಧೂಳನ್ನ ಬರೀ ಕಸ ಅಂತ ಎಸೆದೋನು ಕಸುಬು ಗೊತ್ತಿಲ್ಲದೋನು. ಮೊಳೆಗಿದ್ದ ಕೀಲಿ ಇವನ ಕೈಗೆ ಎಟುಕತಿತ್ತು. ಅರಗು ಕರಗತೈತೆ ಅಂತ ಕೇಳಿದ್ದೇ, ಮೊದಲು ಓಡಿದ್ದು ಸ್ಕೂಟರ್ ಹತ್ರ."

ಚೇತನ್‌ಕುಮಾರ್ ತಾನೇ ಹೋಗಿ ಜೀಪ್ ಹತ್ತಿದ.

ಹುಲಿಗೆಮ್ಮ ಪದಕ ಎಳೆಯಲು ಹೋದಳು. ಬರಲಿಲ್ಲ.

"ಎಳೀಬೇಡಮ್ಮಾ, ಕಲ್ಲು ಉದುರತಾವೆ!" ಮೌನೇಶಾಚಾರಿ ಕೂಗಿದ. ಕೂಗುತ್ತಾ ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡ.

ಓಣಿಯೆಲ್ಲ ನೋಡುತ್ತಿತ್ತು. ಹುಲಿಗೆಮ್ಮ ರೇನ್‌ಕೋಟ್ ಸಮೇತ ಪದಕವನ್ನು ಅವನ ಕೈಗೇ ಇಟ್ಟಳು.

"ತಗಳಪ್ಪ. ಮನೆಗೇ ತಗಂಡೋಗಿ, ನಿಧಾನಕ್ಕೆ ಬಿಡಿಸು."