ಹದಿನಾರು ಸವಾರರ ಬಣ್ಣ

"ಕಪಾಟಲ್ಲಿಟ್ಟು ನೋಡ್ಕೊಳ್ಳಿ, ಆಟ ಆಡ್ಕೊಳ್ಳಿ. ಬಣ್ಣ ಮಾತ್ರ ತೆಗೀಬೇಡಿ" ಎಂದರು ಅತ್ತೆ. ಮಹಡಿ ಕೋಣೆಯ ಹೊಸಿಲಿನ ಆಚೆಯೇ ನಿಂತು ಹೇಳಿದರು, ಒಳಗೆ ಕಾಲಿಡಲಿಲ್ಲ.

ಅಳಿಯ ನಕ್ಕ. "ಕುದುರೆಗಳಿಗೆ ಒಂದು ಸ್ನಾನ ಮಾಡಿಸ್ತೀನಿ, ಅಷ್ಟೇ ಅತ್ತೆ. ಮೇಷ್ಟ್ರೇನು ಮಾಟ ಮಾಡಿಟ್ಟು ಹೋಗಿದಾರಾ?"

ಅತ್ತೆಯ ಮುಖ ಬಿಳಿಚಿಕೊಂಡಿತು. ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದರು. ಅದನ್ನಾದರೂ ಅವನು ಗಮನಿಸಬೇಕಿತ್ತು. ಆದರೆ ಅವನು ಹಲ್ಲಿನ ಡಾಕ್ಟರು. ಎದುರಿಗಿದ್ದವರ ದವಡೆಯಲ್ಲಿ ಸಾಸಿವೆಯಷ್ಟು ಹುಳುಕಿದ್ದರೂ ಕಂಡುಹಿಡಿಯುತ್ತಿದ್ದ, ಮುಖದಲ್ಲಿರುವುದು ಮಾತ್ರ ಅವನ ಕಣ್ಣಿಗೆ ಬೀಳುತ್ತಿರಲಿಲ್ಲ.

ಮದುವೆಯಾಗಿ ಅವನು ಈ ಮನೆಗೆ ಬಂದು ಎಂಟು ತಿಂಗಳು. ಬಂದಾಗ ಮಹಡಿಯಲ್ಲಿ ಒಬ್ಬ ಬಾಡಿಗೆದಾರರಿದ್ದರು. ಚಿತ್ರಕಲೆಯ ನಿವೃತ್ತ ಮೇಷ್ಟ್ರು. ಹೆಬ್ಬೆರಳಿನಷ್ಟೆತ್ತರದ ಸೀಸದ ಕುದುರೆ ಸವಾರರಿಗೆ ಬಣ್ಣ ಬಳಿದು, ಮೇಜಿನ ಮೇಲೆ ದಂಡು ನಿಲ್ಲಿಸಿ, ಅಳತೆಪಟ್ಟಿ ಹಿಡಿದು, ದಾಳ ಉರುಳಿಸಿ, ಎಂದೋ ಮುಗಿದುಹೋದ ಯುದ್ಧಗಳನ್ನು ಮತ್ತೆ ಆಡುತ್ತಿದ್ದರು. ಊರಿಗೆಲ್ಲ ಅವರು ಕುದುರೆ ಮೇಷ್ಟ್ರು. ಕಾಲೇಜಿನಲ್ಲಿ ಅಳಿಯನಿಗೂ ಇದೇ ಹುಚ್ಚು. ಹತ್ತು ವರ್ಷ ಬಿಟ್ಟಿದ್ದ ಆಟ ಮೇಷ್ಟ್ರ ಸಹವಾಸದಲ್ಲಿ ಮತ್ತೆ ಅಂಟಿಕೊಂಡಿತು. ಅವನ ಹೆಂಡತಿ ಇಬ್ಬರಿಗೂ ಚಹಾ ತರುತ್ತಿದ್ದಳು. ಅವಳು ಬಂದರೆ ಸಾಕು, ಮೇಷ್ಟ್ರು ಆಟ ಮರೆತುಬಿಡುತ್ತಿದ್ದರು. ಎದುರಾಳಿಯ ಅಶ್ವದಳ ಅವರ ತೋಪುಗಳನ್ನು ಹೊತ್ತೊಯ್ದರೂ ಅರಿವಿರುತ್ತಿರಲಿಲ್ಲ.

ಎರಡು ತಿಂಗಳ ಹಿಂದೆ ಮೇಷ್ಟ್ರು ತೀರಿಕೊಂಡರು. ಅವಳು ಮೂರು ದಿನ ಅತ್ತಳು. ಬಾಡಿಗೆಗಿದ್ದವರಿಗಾಗಿ ಇಷ್ಟೊಂದು ಅಳುವುದೇಕೆಂದು ಅವಳಿಗೇ ತಿಳಿಯಲಿಲ್ಲ.

ಮೇಷ್ಟ್ರು ಎಂದೂ ಮೇಜಿಗೆ ಇಳಿಸದ ಒಂದು ಮರದ ಪೆಟ್ಟಿಗೆ ಇತ್ತು. ಅಳಿಯ ಈಗ ತೆಗೆದದ್ದು ಅದನ್ನೇ. ಒಳಗೆ ಹದಿನಾರು ಸವಾರರು. ಮುಚ್ಚಳ ಎತ್ತಿದಾಗ ಹಳೇ ವಾರ್ನಿಶ್ ವಾಸನೆ, ಅದರಡಿಯಲ್ಲಿ ಪಾಚಿಗಟ್ಟಿದ ನೀರಿನ ವಾಸನೆ. ಬಣ್ಣ ದಪ್ಪ ದಪ್ಪ ಮೆತ್ತಿತ್ತು. ಹದಿನಾರಕ್ಕೂ ಒಂದೇ ಮುಖ: ಉಬ್ಬಿದ ಕೆನ್ನೆ, ಮುಚ್ಚಿದ ಕಣ್ಣು, ಬಿಗಿದ ತುಟಿ. ಮೇಷ್ಟ್ರ ಕೈಗೆ ವಯಸ್ಸಾಗಿತ್ತೆಂದು ಅವನು ಮರುಗಿದ. ಇಷ್ಟು ಒಳ್ಳೆಯ ಎರಕ ಹಾಳಾಗಬಾರದು, ತೊಳೆದು ಹೊಸದಾಗಿ ಸಮವಸ್ತ್ರ ಬಳಿದರೆ ಮೇಷ್ಟ್ರ ಆತ್ಮಕ್ಕೂ ಶಾಂತಿ ಎಂದುಕೊಂಡು, ಶನಿವಾರ ಸಂಜೆ ಎಲ್ಲವನ್ನೂ ಗಾಜಿನ ಜಾಡಿಯಲ್ಲಿ ಬಣ್ಣ ಕರಗಿಸುವ ತಿನ್ನರಿಗೆ ಹಾಕಿಟ್ಟ.

ಭಾನುವಾರ ಬೆಳಿಗ್ಗೆ ಮೊದಲನೆಯದನ್ನು ಎತ್ತಿ ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿದ. ಬಣ್ಣದ ಜೊತೆ ನವಿರಾದ ಕರಿಯ ಎಳೆಗಳು ಬಂದವು. ಕೂದಲು. ಬ್ರಷ್ಷಿನದಿರಬೇಕು ಎಂದುಕೊಂಡ, ಬ್ರಷ್ಷಿನ ಎಳೆಗಳು ನೀಲಿ ಎಂಬುದು ಗೊತ್ತಿದ್ದೂ.

ಕೆಳಗೆಲ್ಲೋ 'ಗುಳುಂ' ಎಂದಿತು, ಚಿಕ್ಕದೇನೋ ನೀರಿಗೆ ಬಿದ್ದಂತೆ. ಎರಡನೆಯದನ್ನು ತಿಕ್ಕಿದ. ಮತ್ತೆ ಗುಳುಂ. ಪೈಪಿನಲ್ಲಿ ಗಾಳಿ ಸಿಕ್ಕಿದೆಯೆಂದು ಕೆಲಸ ಮುಂದುವರಿಸಿದ.

ಮಧ್ಯಾಹ್ನ ಊಟಕ್ಕಿಳಿದಾಗ ಮೇಜಿನ ಮೇಲೆ ನಾಲ್ಕು ತಟ್ಟೆಗಳಿದ್ದವು. ನಾಲ್ಕನೆಯದು ಯಾರಿಗೆ ಎಂದು ಕೇಳಿದರೆ ಹೆಂಡತಿ ಗೊತ್ತಿಲ್ಲ ಎಂದಳು. ಅವಳ ಜಡೆಯ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಅತ್ತೆ ಅಂದು ಸೊಸೈಟಿಯ ಸಭೆಗೆ ಹೋಗಿ ಇನ್ನೂ ಬಂದಿರಲಿಲ್ಲ. ಲೆಕ್ಕ ತಪ್ಪುವಷ್ಟು ಹಸಿವೇನೇ ಎಂದು ಹೆಂಡತಿಯನ್ನು ರೇಗಿಸಿ, ಉಂಡೆದ್ದು, ಮತ್ತೆ ಮಹಡಿ ಹತ್ತಿದ. ಹದಿನಾರನೆಯದು ಬಿಳಿ ಲೋಹವಾಗಿ ಹೊಳೆಯುವ ಹೊತ್ತಿಗೆ ಹಿತ್ತಲಿನಿಂದ ಅತ್ತೆಯ ಕೂಗು ಕೇಳಿಸಿತು.

ಹಿತ್ತಲಲ್ಲಿ ಒಂದು ಕಾಲಕ್ಕೆ ನೀರಿನ ತೊಟ್ಟಿಯಿತ್ತಂತೆ. ಮಣ್ಣು ತುಂಬಿ ಮೇಲೆ ಚಪ್ಪಡಿ ಹಾಕಿಸಿದ್ದರು. ಹೆಂಡತಿ ಆ ಚಪ್ಪಡಿಯ ಮೇಲೆ ಮಂಡಿಯೂರಿ ಕೂತಿದ್ದಳು. ಎರಡೂ ಕೈಯಿಂದ ಕೆರೆಯುತ್ತಿದ್ದಳು. ಉಗುರು ಕಿತ್ತು ರಕ್ತ ಬರುತ್ತಿತ್ತು.

"ಅಕ್ಕ ಕೆಳಗಿದಾಳೆ. ಕುದುರೆ ಹುಡುಕ್ತಿದಾಳೆ. ನಾನೇ ಎಸೆದಿದ್ದು."

ಅವಳು ಒಬ್ಬಳೇ ಮಗಳು. ಅವಳಿಗೆ ಅಕ್ಕ ಇರಲೇ ಇಲ್ಲ, ಅವನಿಗೆ ತಿಳಿದಿದ್ದಂತೆ.

ಅಷ್ಟು ಹೇಳಿ ಅವಳು ಬಾಯಿ ಮುಚ್ಚಿದಳು. ಮತ್ತೆ ತೆರೆಯಲಿಲ್ಲ. ತುಟಿ ನೀಲಿಗಟ್ಟಿತು. ತುಟಿಯ ಕೊನೆಯಿಂದ ನೀರು ಇಳಿಯಿತು. ಹಸಿರು ನೀರು, ಪಾಚಿಯ ನಾತ. ಬಾಯಿ ತೆಗೆಸುವುದೇ ಅವನ ಕಸುಬು. ದವಡೆಗೆ ಬೆರಳು ಕೊಟ್ಟ. ಜಗ್ಗಿದ. ಬೇಡಿಕೊಂಡ. ಹಲ್ಲು ಕಲ್ಲಾಗಿತ್ತು.

ಆಸ್ಪತ್ರೆಗೆ ಎತ್ತಿಕೊಂಡು ಹೋಗೋಣವೆಂದ. ಆಗಲೂ ಆಸ್ಪತ್ರೆಯವರೇ ಕೈಚೆಲ್ಲಿದ್ದು ಎಂದು ಅತ್ತೆ ನೆಲಕ್ಕೆ ಕುಸಿದರು. ಇಪ್ಪತ್ತೆರಡು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದನ್ನು ಉಸಿರು ಬಿಡದೆ ಹೇಳಿದರು. ಇಬ್ಬರು ಹೆಣ್ಣುಮಕ್ಕಳು. ಅಪ್ಪನ ಸೀಸದ ಕುದುರೆಗಾಗಿ ಜಗಳ. ಆರು ವರ್ಷದ ತಂಗಿ ಸಿಟ್ಟಿನಲ್ಲಿ ಕುದುರೆಯನ್ನು ತೊಟ್ಟಿಗೆಸೆದಳು. ತೆಗೆಯಲು ಬಗ್ಗಿದ ಅಕ್ಕ ಮೇಲೆ ಬರಲಿಲ್ಲ. ಆಮೇಲೆ ತಂಗಿ ಬಾಯಿ ತೆರೆಯಲಿಲ್ಲ, ಅನ್ನವಿಲ್ಲ, ನೀರಿಲ್ಲ. ಕೊನೆಗೆ ಮಾಟ ಮಾಡುವ ಒಬ್ಬ ಮುದುಕಿಯ ಕಾಲು ಹಿಡಿದರು. ಆಕೆ ಸತ್ತ ಮಗುವಿನ ಕೂದಲನ್ನು ಬಣ್ಣಕ್ಕೆ ಅರೆಸಿ, ಹದಿನಾರು ಸವಾರರ ಮೈಗೆ ಆ ದುಃಖವನ್ನು ಕಟ್ಟಿದಳು. ಬಿಚ್ಚಿದರೆ ಎರಡರಷ್ಟಾಗಿ ಬರುತ್ತದೆಂದು ಎಚ್ಚರಿಸಿದ್ದಳು. ಆಕೆ ಸತ್ತು ಯಾವ ಕಾಲವಾಯಿತೋ. ಮಂತ್ರ ಮಾತ್ರ ಅಂದು ಪಕ್ಕದಲ್ಲಿ ಕೂತಿದ್ದ ಅತ್ತೆಯ ಬಾಯಲ್ಲಿ ಉಳಿದಿತ್ತು.

"ಮತ್ತೆ ಬಳೀತೀನಿ. ಮಂತ್ರ ಹೇಳಿಕೊಡಿ" ಎಂದ ಅವನು.

"ಬಳಿಯೋರ ಕೂದಲೂ ಬಣ್ಣಕ್ಕೆ ಸೇರ್ಬೇಕು, ಅವರನ್ನೂ ಅದು ಒಳಗೆ ಎಳ್ಕೊಳ್ಳುತ್ತೆ. ಅಕ್ಕನ ಜೊತೆ ಅವರನ್ನೂ ಇವಳು ಮರೀತಾಳೆ." ಅತ್ತೆ ಸೆರಗಿನಿಂದ ಬಾಯಿ ಒತ್ತಿಕೊಂಡರು. "ಆವತ್ತು ಬಳಿದ ಮೇಷ್ಟ್ರು ಬಾಡಿಗೆಯವರಲ್ಲ ಕಣಪ್ಪಾ. ಅವಳ ಅಪ್ಪ."

ಸ್ವಂತ ಮಗಳು ಚಹಾ ತಂದುಕೊಟ್ಟು 'ಸಕ್ಕರೆ ಸಾಕಾ ಮೇಷ್ಟ್ರೇ' ಎನ್ನುವುದನ್ನು ಆ ಮನುಷ್ಯ ಹೇಗೆ ಇಪ್ಪತ್ತೆರಡು ವರ್ಷ ಸಹಿಸಿದನೋ. ತಾನೇ ಬಳಿಯುತ್ತೇನೆಂದು ಅತ್ತೆ ಕೈ ಚಾಚಿದರು. ಆ ಕೈ ಎಲೆಯಂತೆ ನಡುಗುತ್ತಿತ್ತು. ಅದರಲ್ಲಿ ಕಣ್ಣು ಮೂಗು ತೀಡುವುದು ಸಾಧ್ಯವಿರಲಿಲ್ಲ. ತಪ್ಪು ಅವನದು, ಕುಂಚವೂ ಅವನದೇ ಆಗಬೇಕಿತ್ತು. ಅತ್ತೆ ಹೇಳಿಕೊಟ್ಟ ಒಂದೊಂದು ಅಕ್ಷರವನ್ನೂ, ನಿನ್ನೆಯಷ್ಟೇ ನಕ್ಕವನು, ಮೂರು ಮೂರು ಸಲ ಒಪ್ಪಿಸಿದ. ಹೊತ್ತು ಮುಳುಗುವುದರೊಳಗೆ ಮುಗಿಯಬೇಕಿತ್ತು.

ಮಹಡಿಗೆ ಓಡಿದ. ಜಾಡಿಯ ತಳದ ಎಳೆಗಳನ್ನು ಸೋಸಿದ. ತನ್ನ ತಲೆಯ ಕೂದಲು ಕತ್ತರಿಸಿ ಸೇರಿಸಿದ. ಅರೆದ. ಬಳಿದ. ಉಬ್ಬಿದ ಕೆನ್ನೆ. ಮುಚ್ಚಿದ ಕಣ್ಣು. ಬಿಗಿದ ತುಟಿ. ಒಂದು. ಎರಡು. ಐದನೆಯದಕ್ಕೆ ಕೆಳಗೆ ಕೆಮ್ಮು ಕೇಳಿಸಿತು. ಎಂಟನೆಯದಕ್ಕೆ ಅವಳು ಅಮ್ಮಾ ಎಂದಳು. ಬದುಕಿದಳು.

ಒಂಬತ್ತನೆಯದು ಕೈಯಲ್ಲಿತ್ತು.

"ರೀ, ಎಲ್ಲಿದೀರಿ?"

ಕುಂಚ ನಿಂತಿತು. ಇಷ್ಟೇ ಸಾಕಲ್ಲವೇ. ಅರ್ಧ ನೆನಪು ಅವಳಿಗಿರಲಿ, ಅರ್ಧದಷ್ಟು ತಾನೂ ಇರುವೆ. "ಇಲ್ಲೇ ಇದೀನಿ ಕಣೇ" ಎಂದ.

ಗುಳುಂ.

ಕೆಳಗೆ ಅವಳ ಗಂಟಲಲ್ಲಿ ನೀರು ತುಂಬುವ ಸದ್ದು. ಅತ್ತೆಯ ಚೀರಾಟ. ಅವನು ಹಲ್ಲು ಕಚ್ಚಿದ. ಬಳಿದ. ಹತ್ತು. ಹನ್ನೊಂದು. ಕಣ್ಣೀರು ಬಣ್ಣಕ್ಕೆ ಬಿತ್ತು. ಒರೆಸಲಿಲ್ಲ. ಹನ್ನೆರಡು. ಕಿಟಕಿಯ ಬೆಳಕು ಕೆಂಪಾಯಿತು. ಹದಿಮೂರು.

"ಅಮ್ಮಾ, ಮಹಡಿ ಮೇಲೆ ಯಾರೋ ಅಳ್ತಿದಾರೆ."

ಇನ್ನೂ ಮೂರು ಬಾಕಿಯಿದ್ದವು. ಮೂರನ್ನೂ ಮುಗಿಸಿದ.

ಕೆಳಗಿಳಿದಾಗ ಅವಳು ಬೆರಳಿಗೆ ಬಟ್ಟೆ ಸುತ್ತಿಕೊಂಡು ಕುರ್ಚಿಯಲ್ಲಿ ಕೂತಿದ್ದಳು. ತುಟಿಗೆ ಬಣ್ಣ ಮರಳಿತ್ತು. ಅವನನ್ನು ಕಂಡು ಎದ್ದು ನಿಂತು ಸೆರಗು ಸರಿ ಮಾಡಿಕೊಂಡಳು.

"ಯಾರು ಬೇಕಾಗಿತ್ತು?"

ಅತ್ತೆಯೇ ಮುಂದೆ ಬಂದು, ಮಹಡಿ ಕೋಣೆ ನೋಡಲು ಬಂದಿದ್ದಾರೆ, ಒಳ್ಳೆಯವರು, ಇಲ್ಲೇ ಇರುತ್ತಾರಂತೆ ಎಂದರು. ಅವನು ತಲೆಯಾಡಿಸಿದ. ಇರುತ್ತೇನೆ. ಅವಳು ಚಹಾ ತರಲಿ, ತರದಿರಲಿ, ಅವಳ ಹೆಜ್ಜೆ ಸಪ್ಪಳ ಕೇಳಿಕೊಂಡು ಇದ್ದುಬಿಡುತ್ತೇನೆ.

ಅವಳು ಸಂಕೋಚದಿಂದ ಕೈ ಮುಗಿದಳು. "ಕ್ಷಮಿಸಿ ಸಾರ್. ಅದು ನಮ್ಮ ಮೇಷ್ಟ್ರು ಇದ್ದ ಕೋಣೆ. ಬೇರೆಯವರಿಗೆ ಕೊಡೋಕೆ ನಂಗೆ ಮನಸ್ಸಿಲ್ಲ."

ಬಾಗಿಲಲ್ಲಿ ಅವನ ಚಪ್ಪಲಿ ಅವಳ ಚಪ್ಪಲಿಗೆ ಒತ್ತಿಕೊಂಡೇ ಇತ್ತು. ಮೆಟ್ಟಿಕೊಂಡರೆ ಅದು ಇಲ್ಲಿಗೆ ಹೇಗೆ ಬಂತೆಂದು ಕೇಳುತ್ತಾಳೆ. ಅವನು ಬರಿಗಾಲಿನಲ್ಲೇ ಮೆಟ್ಟಿಲಿಳಿದ. ಅವಳು ಅವನು ಗೇಟು ದಾಟುವವರೆಗೆ ಕಾದು, ಬಾಗಿಲು ಹಾಕಿಕೊಂಡಳು.